ಬಿಸ್ಕಿಟ್‌ಗೆ ಹೊದಿಸಿದ ಸ್ವೆಟರ್

ಹಲ್ಲಿ ಕಂಡರೆ ಸ್ಟೂಲ್ ಹತ್ತುವವಳು ನಾನು. ಅಂಥವಳು ಹಾವು ಸಾಕಿದ ಮನುಷ್ಯನ ಕಥೆ ಬರೆಯಲು ಕುಳಿತಿದ್ದಾಳೆ ಎಂದು ನನ್ನ ಗಂಡ ರೊಕಿ ಬೆಳಗ್ಗಿನಿಂದ ನಗುತ್ತಿದ್ದಾರೆ. ನಗಲಿ. ಆಂತೋನಿಯವರು ತಮ್ಮ ಬಗ್ಗೆ ತಾವೇ ಬಾಯಿ ಬಿಡುವವರಲ್ಲ. ಅವರ ಮಗಳು ಫ್ಲೆನ್ಸಿ ಬಹರೈನಿನಲ್ಲಿ ಹುಟ್ಟಿ ಬೆಳೆದವಳು, ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಆ ಒಂದು ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಬಹರೈನಿನ ಹೂರಾದಲ್ಲಿ ನಮ್ಮದು ಲಿಫ್ಟ್ ಇದ್ದೂ ಇಲ್ಲದಂಥ ಹಳೆಯ ಬಿಲ್ಡಿಂಗ್. ಕೆಳಗೆ ಹಸೈನಾರ್ ಕಾಕನ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿ, ಮೇಲೆ ನಾವು, ನಮ್ಮ ಎದುರು ಬಾಗಿಲು ಆಂತೋನಿಯವರದು. ಕಿನ್ನಿಗೋಳಿ ಕಡೆಯವರು. ಮನಾಮದ ಒಂದು ದೊಡ್ಡ ಹೋಟೆಲಿನ ಲಿನನ್ ರೂಮಿನಲ್ಲಿ ಮೊದಲು ಬಟ್ಟೆ ಮಡಿಸಲು ಸೇರಿ, ಆಮೇಲೆ ಆ ರೂಮಿನ ಉಸ್ತುವಾರಿಯೇ ಆದವರು. ಮೆಲ್ಲ ನಡೆಯುವ, ಮೆಲ್ಲ ಮಾತಾಡುವ ಮನುಷ್ಯ. ಹಾವೆಂದರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಚಿಕ್ಕವರಿದ್ದಾಗ ಮಧ್ಯಾಹ್ನ ಜಗಲಿಯಲ್ಲಿ ಮಲಗಿದ್ದವರ ಎದೆಯ ಮೇಲೆ ಹಂಚಿನ ಮಾಡಿನಿಂದ ಕೇರೆಹಾವೊಂದು ಬಿದ್ದಿತ್ತಂತೆ. ಅದು ಹೆದರಿ ಎತ್ತಲೋ ಓಡಿತು, ಇವರ ಹೆದರಿಕೆ ಮಾತ್ರ ಅಲ್ಲೇ ಉಳಿಯಿತು.

ಎರಡು ಸಾವಿರದ ಹನ್ನೊಂದರಲ್ಲಿ ಬಹರೈನಿನಲ್ಲಿ ಗಲಾಟೆಯಾಗಿ ಎಷ್ಟೋ ಬಿಳಿಯರ ಕುಟುಂಬಗಳು ಗಂಟುಮೂಟೆ ಕಟ್ಟಿದವು. ಫ್ಲೆನ್ಸಿಯ ಕ್ಲಾಸಿನ ಹುಡುಗಿಯೊಬ್ಬಳ ಮನೆಯವರೂ ಬುದಯ್ಯದ ಬಂಗಲೆಗಳ ಕಾಂಪೌಂಡ್ ಬಿಟ್ಟು ಹೊರಟರು. ಸೋಫಾ ಯಾರಿಗೋ ಹೋಯಿತು, ಬೆಕ್ಕು ಯಾರಿಗೋ ಹೋಯಿತು. ಅವರು ಸಾಕಿದ್ದ ಹಾವನ್ನು ಯಾರೂ ಕೇಳಲಿಲ್ಲ, ನಮ್ಮ ಫ್ಲೆನ್ಸಿ ಕೇಳಿದಳು. ನಾಲ್ಕು ಜನರ ಎದುರು ಮಾತಾಡಬೇಕಾದರೆ ಅಂಗೈ ಬೆವರುವ ಹುಡುಗಿ ಅವಳು. ಅಂಥವಳು ಗಾಜಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಟ್ಯಾಕ್ಸಿ ಡ್ರೈವರನಿಗೆ ಒಳಗೇನಿದೆ ಎಂದು ಹೇಳದೆ ಮನೆಗೆ ತಂದೇಬಿಟ್ಟಳು.

ಬಾಲ್ ಪೈಥಾನ್ ಅಂತೆ, ಹೆಬ್ಬಾವಿನಲ್ಲೇ ಸಣ್ಣ ಜಾತಿ. ವಿಷವಿಲ್ಲ. ಹೆದರಿದರೆ ತಲೆಯನ್ನು ಒಳಗಿಟ್ಟು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ. ಕಂದು ಮೈಯ ಮೇಲೆ ಕೆನೆಬಣ್ಣದ ಮಚ್ಚೆ ಇದ್ದುದರಿಂದ ಅದಕ್ಕೆ ಬಿಸ್ಕಿಟ್ ಎಂದು ಹೆಸರು. ತಾಯಿ ಜೋಸೆಫಿನ್ ಹಾವನ್ನು ಮೆಟ್ಟಿ ನಿಂತ ಮೇರಿ ಮಾತೆಯ ಪಟದ ಕಡೆ ಕೈ ತೋರಿಸಿ ಕೂಗಾಡಿದ್ದು ನಮ್ಮ ಮನೆಗೂ ಕೇಳಿತು.

"ನೋಡು, ಮರಿಯಮ್ಮ ಕಾಲಡಿ ಇಟ್ಟದ್ದನ್ನು ನೀನು ಮಡಿಲಲ್ಲಿ ಇಡ್ತೀಯಲ್ಲ! ನಾಚಿಕೆ ಇಲ್ವಾ ನಿನಗೆ?"

"ಮಮ್ಮಿ, ಇದಕ್ಕೆ ನನ್ನಷ್ಟೇ ಹೆದರಿಕೆ ಇರೋದು," ಎಂದಳಂತೆ ಫ್ಲೆನ್ಸಿ. ಕಡೆಗೆ ಹಾವು ಹಾಲ್‌ನ ಮೂಲೆಯಲ್ಲಿ ಕುಳಿತಿತು. ಅದರ ಊಟಕ್ಕೆ ತಂದ ಐಸಾದ ಇಲಿಮರಿಗಳು ಫ್ರೀಜರಿನಲ್ಲಿ ಅಂಜಲ್ ಮೀನಿನ ಡಬ್ಬಿಯ ಪಕ್ಕ ಕುಳಿತವು. ನಾನು ಅವರ ಮನೆಯ ಹೊಸ್ತಿಲು ದಾಟುವುದನ್ನು ಅಂದಿಗೆ ಬಿಟ್ಟೆ. ಏನು ಕೊಡುವುದಿದ್ದರೂ ಬಾಗಿಲಲ್ಲಿ ನಿಂತೇ ಕೊಡುತ್ತಿದ್ದೆ.

ಹುಡುಗಿ ಆ ಹಾವನ್ನು ಪಳಗಿಸಿದ್ದನ್ನು ಬಾಗಿಲಲ್ಲಿ ನಿಂತು ನಾನೇ ನೋಡಿದ್ದೇನೆ. ದಿನಾ ಸಂಜೆ ಪೆಟ್ಟಿಗೆಯೊಳಗೆ ಕೈ ಇಟ್ಟು ಸುಮ್ಮನೆ ಕೂರುತ್ತಿದ್ದಳು. ಮುಟ್ಟುತ್ತಿರಲಿಲ್ಲ. ಅದಾಗಿಯೇ ಬಂದು ನಾಲಗೆ ಚಾಚಿ ಮೂಸಿ ಹೋಗಲಿ ಎಂದು ಕಾಯುತ್ತಿದ್ದಳು. ಬರಬರುತ್ತಾ ಅದು ಅವಳ ತೋಳಿನ ಮೇಲೆ ಹರಿದಾಡತೊಡಗಿತು. ಅವಳ ಅಂಗೈಯ ಬೆವರೂ ಎಲ್ಲಿಗೋ ಹೋಯಿತು. ಹತ್ತನೇ ಕ್ಲಾಸಿನಲ್ಲಿ ಅದೇ ಹುಡುಗಿ ಸ್ಕೂಲಿನ ಅಸೆಂಬ್ಲಿಯಲ್ಲಿ ನಿಂತು ಭಾಷಣ ಮಾಡಿ ಬಂದಳು. ಆವತ್ತು ಜೋಸೆಫಿನ್ ಹಾವಿನ ಪೆಟ್ಟಿಗೆಯ ಧೂಳು ಒರೆಸಿದರು.

ಅವಳಿಗೆ ಇದ್ದದ್ದು ಒಂದೇ ಆಸೆ. "ಡ್ಯಾಡಿ, ಒಂದೇ ಒಂದು ಸಲ ಕೈಯಲ್ಲಿ ಹಿಡೀರಿ. ಒನ್ ಮಿನಿಟ್. ನಾನು ಪಕ್ಕದಲ್ಲೇ ಇರ್ತೇನೆ."

"ಇವತ್ತು ಬೇಡ ಮಗಾ, ಸುಸ್ತಾಗಿದೆ. ನಾಳೆ ನೋಡುವ," ಎನ್ನುತ್ತಿದ್ದರು ಆಂತೋನಿ. ಅವರ ಆ ನಾಳೆ ಎಂದೂ ಬರಲಿಲ್ಲ. ಸೋಫಾದ ಆ ತುದಿಯಲ್ಲಿ ಮಗಳು ಹಾವಿನ ಜೊತೆ, ಈ ತುದಿಯಲ್ಲಿ ಕಾಲು ಮೇಲೆತ್ತಿಕೊಂಡ ಅಪ್ಪ. ಇವರು ಕಾಲು ಎತ್ತಿದ್ದು ಕಂಡು ಅವಳು ನಗುತ್ತಿದ್ದಳು, ಆದರೆ ಆ ನಗುವಿನ ಹಿಂದೆಯೇ ಮುಖ ಸ್ವಲ್ಪ ಇಳಿಯುತ್ತಿತ್ತು. ಆಂತೋನಿಗೆ ಅದು ಕಾಣುತ್ತಿತ್ತು.

ಹತ್ತನೇ ಕ್ಲಾಸ್ ಮುಗಿದ ಮೇಲೆ ಪಿಯುಸಿಗೆ ಮಂಗಳೂರು ಎಂದಾಯಿತು. ಜೊತೆಗೆ ಜೋಸೆಫಿನ್ ಕೂಡ ಹೊರಟರು. ಹಾವನ್ನು ವಿಮಾನದಲ್ಲಿ ಒಯ್ಯುವ ಹಾಗಿಲ್ಲ. ಯಾರಿಗಾದರೂ ಕೊಟ್ಟುಬಿಡುವ ಎಂದು ಎಲ್ಲರೂ ಹೇಳಿದರೂ, ಆಂತೋನಿ ಇದ್ದಕ್ಕಿದ್ದ ಹಾಗೆ, "ಇರಲಿ, ನಾನು ನೋಡಿಕೊಳ್ತೇನೆ," ಎಂದುಬಿಟ್ಟರು. ಮುಹರ್ರಕ್‌ನ ಏರ್‌ಪೋರ್ಟಿಗೆ ಬಿಡಲು ನಾವೂ ಹೋಗಿದ್ದೆವು. ಒಳಗೆ ಹೋಗುವ ಮೊದಲು ಫ್ಲೆನ್ಸಿ ಅಪ್ಪನ ಕುತ್ತಿಗೆಗೆ ಜೋತುಬಿದ್ದು, "ಕ್ರಿಸ್ಮಸ್‌ಗೆ ಬರ್ತೇನೆ. ಆಗ ನೀವು ಬಿಸ್ಕಿಟ್‌ನ ಹಿಡೀಬೇಕು. ಪ್ರಾಮಿಸ್?" ಎಂದಳು. "ನೋಡುವ," ಎಂದರು ಇವರು. ಅಷ್ಟನ್ನೇ ಅವಳು ಮಾತು ಕೊಟ್ಟ ಹಾಗೆ ತೆಗೆದುಕೊಂಡಳು.

ಇನ್ನು ಮುಂದಿನದನ್ನು ನಾನು ಕಂಡವಳಲ್ಲ. ಯಾರೂ ಕಂಡವರಿಲ್ಲ. ಎಲ್ಲ ಮುಗಿದ ಮೇಲೆ ಅವರೇ ನನಗೆ ಹೇಳಿದ್ದು.

ಮೊದಮೊದಲು ಕೋಳಿ ಸುಡುವ ಉದ್ದನೆಯ ಇಕ್ಕಳದಿಂದ ನೀರಿನ ಬಟ್ಟಲು ಎತ್ತಿಡುತ್ತಿದ್ದರಂತೆ. ಮೇಲಿನಿಂದ ಇಕ್ಕಳ ಇಳಿದ ಕೂಡಲೇ ಹಾವು ಬುಸ್ ಎಂದು ಹಾರುತ್ತಿತ್ತು, ಇವರು ಇಕ್ಕಳ ಬಿಟ್ಟು ಅಡುಗೆಮನೆಗೆ ಓಡುತ್ತಿದ್ದರು. ಮನೆಯವರು ಹೋದ ಮೇಲೆ ಅದು ಊಟವನ್ನೂ ಬಿಟ್ಟಿತು. ಇಟ್ಟ ಇಲಿಮರಿ ಇಟ್ಟ ಹಾಗೇ ಇರುತ್ತಿತ್ತು. ಫೋನಿನಲ್ಲಿ ಫ್ಲೆನ್ಸಿ ಬುದ್ಧಿ ಹೇಳಿದಳು. "ಮೇಲಿಂದ ಏನು ಬಂದ್ರೂ ಅದಕ್ಕೆ ಹದ್ದು ಬಂದ ಹಾಗೆ, ಡ್ಯಾಡಿ. ಪಕ್ಕದಿಂದ ಹೋಗಿ. ನೀವು ಹಾಕಿ ಬಿಟ್ಟ ಬನಿಯನ್ ಒಂದು ಒಳಗೆ ಇಡಿ, ನಿಮ್ಮ ಸ್ಮೆಲ್ ಅದಕ್ಕೆ ಗೊತ್ತಾಗ್ಲಿ. ಅಡಗಿ ಕೂತ್ರೆ ಎಳೀಬೇಡಿ, ಮಲಗಲಿಕ್ಕೆ ಬಿಡಿ."

ಬನಿಯನ್ ಇಟ್ಟರು. ಮರುದಿನ ನೋಡಿದರೆ ಹಾವು ಅದರೊಳಗೆ ಹೊಕ್ಕು ಮಲಗಿತ್ತು. ತನ್ನನ್ನು ಕಂಡರೆ ಹೆದರಿ ಸಾಯುವ ಜೀವವೊಂದು ತನ್ನ ಬೆವರಿನ ಬಟ್ಟೆಯಲ್ಲೇ ಅವಿತು ಕುಳಿತದ್ದನ್ನು ನೋಡಿ ಅವರಿಗೆ ಏನೋ ಆಯಿತಂತೆ. "ಪಾಪ ಅಂತ ಕಂಡಿತು ಐವಿ," ಎಂದರು ನನ್ನ ಬಳಿ. "ಅಷ್ಟು ದಿನ ಹೆದರ್ತಾ ಇದ್ದದ್ದು ನಾನೊಬ್ಬನೇ ಅಂತ ಎಣಿಸಿದ್ದೆ."

ಅಂದಿನಿಂದ ಡ್ಯೂಟಿ ಮುಗಿಸಿ ಬಂದು, ಸೋಪಿನಲ್ಲಿ ಕೈ ತೊಳೆದು, ಮಗಳು ಮಾಡುತ್ತಿದ್ದ ಹಾಗೆ ಪೆಟ್ಟಿಗೆಯೊಳಗೆ ಕೈ ಇಟ್ಟು ಕೂರತೊಡಗಿದರು. ಕೈ ನಡುಗುತ್ತಿತ್ತು. ನಡುಗಿದರೆ ಹಾವು ಚೆಂಡಾಗುತ್ತಿತ್ತು. ನಡುಕ ನಿಲ್ಲಲೆಂದು ಮನಸ್ಸಿನಲ್ಲೇ ರೊಸಾರಿ ಹೇಳಿದರು. ಹಾವು ಹತ್ತಿರ ಬಂದಾಗ ಪ್ರಾರ್ಥನೆ ಅರ್ಧಕ್ಕೇ ನಿಂತುಹೋಗುತ್ತಿತ್ತು, ಮತ್ತೆ ಮೊದಲಿನಿಂದ ಶುರು. ಒಂದು ಸಂಜೆ ಅದರ ನಾಲಗೆ ಬೆರಳಿಗೆ ತಾಗಿತು. ಕೈ ಎಳೆದುಕೊಳ್ಳಲಿಲ್ಲ. ಇನ್ನೊಂದು ಸಂಜೆ ಅದು ಅಂಗೈಯನ್ನು ಹತ್ತಿ, ಮಣಿಕಟ್ಟು ದಾಟಿ, ಶರ್ಟಿನ ತೋಳಿನೊಳಗೆ ತಲೆ ಹಾಕಿತು. ಆಂತೋನಿ ಹಾವಿನ ಮೈ ತಣ್ಣಗೆ, ಒದ್ದೆಯಾಗಿ ಇರುತ್ತದೆ ಎಂದು ತಿಳಿದಿದ್ದರು. ಒಣಗಿ ನುಣುಪಾಗಿತ್ತು, ಇಸ್ತ್ರಿ ಹಾಕಿದ ಸ್ಯಾಟಿನ್ ಬಟ್ಟೆಯ ಹಾಗೆ. ಬಟ್ಟೆಯ ಮಟ್ಟಿಗೆ ಅವರ ಕೈಗೆ ಹೆದರಿಕೆಯೇ ಇಲ್ಲ. ಆ ಕ್ಷಣದಿಂದ ಹಾವಿನ ಮಟ್ಟಿಗೂ ಇಲ್ಲವಾಯಿತು.

ಆಮೇಲೆ ಅದು ಊಟ ಹಿಡಿಯಿತು. ಊಟವಾದ ಮೇಲೆ ಮುಟ್ಟಬಾರದ ದಿನಗಳಲ್ಲಿ ಇವರಿಗೆ ಸಂಜೆ ಕಳೆಯುತ್ತಿರಲಿಲ್ಲ. ಪೊರೆ ಬಿಡುವ ಮುನ್ನ ಅದರ ಕಣ್ಣು ಮಂಜಾದಾಗ ಮೆಲ್ಲನೆ ಕದ ಹಾಕಿ ಓಡಾಡುತ್ತಿದ್ದರು. ಗುರುವಾರ ಸಂಜೆಯ ನಮ್ಮ ಮಂಗಳೂರಿನವರ ಪಾರ್ಟಿಗಳಿಗೆ ಬರುವುದನ್ನೂ ಬಿಟ್ಟರು. "ಎಂತ ಮಾರಾಯ್ರೆ, ಹೆಂಡತಿ ಇಲ್ಲದಾಗ ಮನೆಯಲ್ಲಿ ಯಾರನ್ನು ಕೂರಿಸಿಕೊಂಡಿದ್ದೀರಿ?" ಎಂದು ರೊಕಿ ಚೇಷ್ಟೆ ಮಾಡಿದರೆ ನಾಚಿದ ಹುಡುಗನ ಹಾಗೆ ನಗುತ್ತಿದ್ದರು.

ಇಷ್ಟೆಲ್ಲ ಆದದ್ದನ್ನು ಮಗಳಿಗೆ ಹೇಳಿದರೇ? ಇಲ್ಲ. ಕಥೆ ಇಲ್ಲಿಗೆ ಬಂದಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತದೆ. ಒಂದು ಫೋಟೋ ತೆಗೆದು ಕಳಿಸಿದ್ದರೆ ಏನಾಗುತ್ತಿತ್ತು? ಯಾರನ್ನಾದರೂ, ಹಸೈನಾರ್ ಕಾಕನನ್ನಾದರೂ ಕರೆದು ತೋರಿಸಿದ್ದರೆ ಏನಾಗುತ್ತಿತ್ತು? ಆದರೆ ಅವರಿಗೆ ಒಂದು ಹುಚ್ಚು ಹತ್ತಿತ್ತು. ಮಗಳು ಬಾಗಿಲು ತೆಗೆದು ಒಳಗೆ ಬರಬೇಕು, ಸೋಫಾದಲ್ಲಿ ಅಪ್ಪ ಕೂತಿರಬೇಕು, ಅಪ್ಪನ ತೋಳಿನಲ್ಲಿ ಬಿಸ್ಕಿಟ್ ಇರಬೇಕು. ಅವಳ ಮುಖ ಆಗ ಹೇಗಾಗುತ್ತದೆ ಎಂದು ಎಣಿಸಿ ಎಣಿಸಿಯೇ ಅವರು ಆ ತಿಂಗಳುಗಳನ್ನು ಕಳೆದರು. ಅದಕ್ಕಾಗಿ ಫೋನಿನಲ್ಲಿ ನಾಟಕ.

"ಹೇಗುಂಟು ಡ್ಯಾಡಿ ಬಿಸ್ಕಿಟ್?"

"ಉಂಟು, ಅದರಷ್ಟಕ್ಕೆ. ನೀರು ಇಡ್ತೇನೆ, ಮತ್ತೆಂತ ಗೊತ್ತು ನನಗೆ?"

"ಈಗ್ಲೂ ಇಕ್ಕಳದಲ್ಲೇನಾ?"

"ಮತ್ತೆ? ಕೈ ಹಾಕ್ಲಿಕ್ಕೆ ನನಗೆಂತ ಹುಚ್ಚಾ?"

ಅಷ್ಟು ಹೊತ್ತೂ ಹಾವು ಅವರ ಮಡಿಲಲ್ಲೇ ಇರುತ್ತಿತ್ತಂತೆ. ಅತ್ತ ಅವಳು ಒಂದು ಕ್ಷಣ ಸುಮ್ಮನಾಗಿ, "ಇಟ್ಸ್ ಓಕೆ ಡ್ಯಾಡಿ," ಎನ್ನುತ್ತಿದ್ದಳು. ಆ ಸುಮ್ಮನಿರುವಿಕೆ ಕೇಳಿದಾಗಲೆಲ್ಲ ಇವರಿಗೆ ಒಳಗೊಳಗೇ ಖುಷಿ. ಅವಳ ಬೇಸರ ಹೆಚ್ಚಾದಷ್ಟೂ ಕ್ರಿಸ್ಮಸ್‌ಗೆ ಸಂತೋಷ ಹೆಚ್ಚು ಎಂಬ ಲೆಕ್ಕ.

ಡಿಸೆಂಬರಿನಲ್ಲಿ ಮಳೆ ಹೊಯ್ದು ಚಳಿ ಬಿತ್ತು. ಪೆಟ್ಟಿಗೆಯ ಅಡಿಯಲ್ಲಿ ಬಿಸಿ ಕೊಡುವ ಮ್ಯಾಟ್ ಇತ್ತು, ಆದರೂ ಬಾಲ್ಕನಿಯ ಸಂದಿಯಿಂದ ಬರುವ ಗಾಳಿಗೆ ತಮಗೇ ಹಲ್ಲು ಕಟಕಟ ಎನ್ನುವಾಗ ಈ ಜೀವಕ್ಕೆ ಎಷ್ಟಾಗಬೇಡ ಎಂದು ಆಂತೋನಿಗೆ ಕಂಡಿತು. ಮಗಳು ಬರಲು ಕೆಲವೇ ದಿನ ಉಳಿದಿತ್ತು. ಕಪಾಟಿನ ಮೇಲಿನ ಸೂಟ್‌ಕೇಸ್ ಇಳಿಸಿದರು. ಊರಿಗೆ ಹೋಗುವ ಮುನ್ನ ಜೋಸೆಫಿನ್ ಉಣ್ಣೆ ಬಟ್ಟೆಗಳನ್ನೆಲ್ಲ ಅದರಲ್ಲಿ ಕಟ್ಟಿಟ್ಟಿದ್ದರು. ಫ್ಲೆನ್ಸಿ ಚಿಕ್ಕವಳಿದ್ದಾಗ ಆಂತೋನಿಯ ತಾಯಿ ಹೆಣೆದುಕೊಟ್ಟ ಹಳದಿ ಸ್ವೆಟರ್ ಸಿಕ್ಕಿತು. ಕೊಡವಿದರು. ಮಡಿಕೆಯಲ್ಲಿದ್ದ ನ್ಯಾಫ್ತಲೀನ್ ನುಸಿಗುಳಿಗೆಗಳು ಟಣಟಣ ಎಂದು ನೆಲಕ್ಕೆ ಬಿದ್ದವು. ಹೆಕ್ಕಿ ಕಸಕ್ಕೆ ಹಾಕಿದರು. ಸ್ವೆಟರನ್ನು ಹೋಟೆಲಿನಲ್ಲಿ ಮಡಿಸುವ ಹಾಗೆ ಓರಣವಾಗಿ ಮಡಿಸಿ ಬೆಚ್ಚನೆಯ ಮೂಲೆಯಲ್ಲಿ ಇಟ್ಟರು. ಹಾವು ಕೂಡಲೇ ಒಳಗೆ ಹೊಕ್ಕಿತು.

ವಾಸನೆ ಬರಲಿಲ್ಲವೇ ಎಂದು ನಾನು ಆಮೇಲೆ ಕೇಳಿದ್ದೆ. ಕೇಳಿದ ಮೇಲೆ ನನಗೇ ತಿಳಿಯಿತು. ನಮ್ಮ ಕರಾವಳಿಯವರಿಗೆ ಅದು ವಾಸನೆಯೇ ಅಲ್ಲ. ಮಳೆಗಾಲ ಪೂರ್ತಿ ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಗೂ ಕೋಟಿಗೂ ಕಂಬಳಿಗೂ ನುಸಿಗುಳಿಗೆ ಹಾಕದ ಮನೆ ನಮ್ಮಲ್ಲಿ ಎಲ್ಲಿದೆ? ಕ್ರಿಸ್ಮಸ್ ಪೂಜೆಯ ದಿನ ಇಗರ್ಜಿಯೊಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬರುವುದು ಅದೇ. ಒಳ್ಳೆಯ ಬಟ್ಟೆ, ಜೋಪಾನದ ಬಟ್ಟೆ ಎಂದರೆ ನಮಗೆ ಆ ಪರಿಮಳ. ಅದು ಮುಚ್ಚಿದ ಗಾಜಿನ ಪೆಟ್ಟಿಗೆಯಂಥ ಜಾಗದಲ್ಲಿ, ಅದರಲ್ಲೂ ಅಡಿಯಿಂದ ಬಿಸಿ ತಾಗುವಾಗ, ಹಾವಿನಂಥ ಪ್ರಾಣಿಗೆ ವಿಷ ಎಂದು ಯಾರು ಎಣಿಸಬೇಕು?

ಮರುದಿನ ಹಾವು ಪೆಟ್ಟಿಗೆಯ ಮುಚ್ಚಳಕ್ಕೆ ಮೂತಿ ಒತ್ತಿ ಓಡಾಡಿತಂತೆ. ಮಗಳು ಬರುವುದು ಇದಕ್ಕೂ ಗೊತ್ತಾಗಿದೆ ಎಂದುಕೊಂಡರು ಆಂತೋನಿ. ಬಹರೈನಿನ ರಾಷ್ಟ್ರೀಯ ದಿನದ ರಜೆಗೆ ಹೋಟೆಲ್ ತುಂಬಿ ಅವರಿಗೆ ಡಬಲ್ ಡ್ಯೂಟಿ ಬಿತ್ತು. ಮನೆಗೆ ಬಂದಾಗಲೆಲ್ಲ ಬಗ್ಗಿ ನೋಡಿದರು. ಸ್ವೆಟರಿನೊಳಗೆ ಸುರುಳಿ ಸುತ್ತಿ ಅಲ್ಲಾಡದೆ ಇತ್ತು. ಅಡಗಿ ಕೂತರೆ ಎಳೆಯಬೇಡಿ, ಮಲಗಲು ಬಿಡಿ ಎಂದು ಮಗಳು ಹೇಳಿದ್ದಳಲ್ಲ, ಬಿಟ್ಟರು.

ತಾಯಿ ಮಗಳು ಬಂದ ದಿನದ್ದು ಮಾತ್ರ ನಾನು ಕಣ್ಣಾರೆ ಕಂಡದ್ದು. ಇಡ್ಲಿಯಂಥ ಸನ್ನ, ಕೋಳಿ ಸಾರು ಮಾಡಿಕೊಂಡು ಎದುರು ಬಾಗಿಲಿಗೆ ಹೋದೆ. ಏರ್‌ಪೋರ್ಟಿನಿಂದ ಆಗಷ್ಟೇ ಬಂದಿದ್ದರು. ಜೋಸೆಫಿನ್ ಪಾತ್ರೆ ಈಸಿಕೊಂಡು ಅಡುಗೆಮನೆಗೆ ಹೋದರು, ನಾನು ಎಂದಿನಂತೆ ಹೊಸ್ತಿಲ ಹೊರಗೆ ನಿಂತೆ. ಆಂತೋನಿಯ ಮುಖ ನೋಡಬೇಕಿತ್ತು. ಶರ್ಟಿನ ತೋಳನ್ನು ಮೊಣಕೈವರೆಗೆ ಮಡಿಸಿಕೊಂಡು, "ಫ್ಲೆನ್ಸಿ, ಅಲ್ಲಿ ಕೂತ್ಕೋ ಮಗಾ. ಕಣ್ಣು ಮುಚ್ಚು. ನಾನು ಹೇಳುವವರೆಗೆ ತೆಗೀಬಾರ್ದು," ಎನ್ನುತ್ತಿದ್ದರು.

"ಇರಿ ಡ್ಯಾಡಿ, ಫಸ್ಟ್ ಬಿಸ್ಕಿಟ್!" ಎಂದು ಅವಳು ಹಾರಿಹೋಗಿ ಮುಚ್ಚಳ ಎತ್ತಿಯೇಬಿಟ್ಟಳು.

ಬಾಗಿಲಲ್ಲಿದ್ದ ನನಗೂ ಆ ಪರಿಮಳ ಬಂತು. ಅವಳು ಸ್ವೆಟರ್ ಸರಿಸಿದಳು. ಹಾವು ಬಾಯಿ ಸ್ವಲ್ಪ ತೆರೆದುಕೊಂಡು, ಹೊಟ್ಟೆಯ ಬದಿ ಮೇಲಾಗಿ ಬಿದ್ದಿತ್ತು. ಅವಳು ಸ್ವೆಟರನ್ನು ಮೂಗಿನ ಹತ್ತಿರ ತಂದು ನೋಡಿದಳು.

"ನುಸಿಗುಳಿಗೆ... ಇದು ಅದಕ್ಕೆ ಪಾಯಿಸನ್ ಡ್ಯಾಡಿ." ಆಮೇಲೆ ಇನ್ನೂ ಮೆಲ್ಲನೆ ಕೇಳಿದಳು, "ನೋಡ್ಲಿಕ್ಕೂ ಆಗ್ಲಿಲ್ಲ ಅಲ್ವಾ ನಿಮಗೆ? ಅದಕ್ಕೆ ಮುಚ್ಚಿ ಇಟ್ರಿ."

ಆಂತೋನಿ ಎರಡು ಹೆಜ್ಜೆ ಮುಂದೆ ಬಂದು ಪೆಟ್ಟಿಗೆಯ ಕಡೆ ಕೈ ಚಾಚಿದರು. ಅವಳು ಆ ಕೈಯನ್ನು ತಡೆದು ಹಿಡಿದಳು. ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು. ಅಳುತ್ತಾ ಅಳುತ್ತಾ ಅವರನ್ನೇ ಸಮಾಧಾನ ಮಾಡಿದಳು. "ಬೇಡ ಡ್ಯಾಡಿ, ನೀವು ಮುಟ್ಬೇಡಿ. ನಿಮ್ಮಿಂದ ಆಗುದಿಲ್ಲ, ನನಗೆ ಗೊತ್ತುಂಟು. ನಾನು ಪ್ರಾಮಿಸ್ ಕೇಳ್ಬಾರ್ದಿತ್ತು. ನೀವು ಆ ಕಡೆ ಹೋಗಿ, ನಾನೇ ತೆಗೀತೇನೆ."

ಆಂತೋನಿ ಆ ಕಡೆ ಹೋದರು. ಮಡಿಸಿದ ತೋಳನ್ನು ಒಂದೊಂದೇ ಮಡಿಕೆ ಬಿಡಿಸಿ ಇಳಿಸಿ ಗುಂಡಿ ಹಾಕಿಕೊಂಡರು. ಅದೇಕೆ ಎಂದು ಆಗ ನನಗೆ ಅರ್ಥವಾಗಲಿಲ್ಲ.

ರಜೆ ಮುಗಿಸಿ ಅವರಿಬ್ಬರೂ ಮಂಗಳೂರಿಗೆ ಮರಳಿದ ಮೇಲೆ, ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದ ಒಂದು ಶುಕ್ರವಾರ ಮಧ್ಯಾಹ್ನ ಆಂತೋನಿ ನಮ್ಮಲ್ಲಿ ಗಂಜಿ ಊಟಕ್ಕೆ ಬಂದಿದ್ದರು. ಮಾತು ಎಲ್ಲಿಂದಲೋ ಅಲ್ಲಿಗೆ ಬಂದು ಎಲ್ಲವನ್ನೂ ಹೇಳಿದರು. ಹೇಳುವಾಗ ಅವರ ಎರಡೂ ಕೈಗಳು ಮೇಜಿನ ಮೇಲೆ ಅಂಗಾತವಾಗಿದ್ದವು. ಒಂದರ ಮುಂದೆ ಇನ್ನೊಂದು ಮೆಲ್ಲನೆ ಬರುತ್ತಿತ್ತು, ಹರಿದುಹೋಗುವ ಯಾವುದಕ್ಕೋ ದಾರಿ ಮಾಡಿಕೊಡುವ ಹಾಗೆ. ಹಾಗೆ ಮಾಡುತ್ತಿದ್ದೇನೆಂದು ಅವರಿಗೇ ಗೊತ್ತಿರಲಿಲ್ಲ. ಫ್ಲೆನ್ಸಿಯ ಕೈಗಳು ಹಾಗೆ ಆಡುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಅವರ ಮಾತನ್ನು ನಂಬಲು ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

"ಈಗಲೇ ಫೋನ್ ಮಾಡಿ ಹೇಳ್ತೇನೆ ನಾನು," ಎಂದೆ. "ಎಂತ ಮನುಷ್ಯರು ನೀವು!"

"ಎಂತ ಹೇಳುದು ಐವಿ? ಪ್ರೀತಿ ಇತ್ತು, ಅದಕ್ಕೇ ಸಾಯಿಸಿದೆ ಅಂತನಾ? ಅಪ್ಪ ಹೆದರಿದ್ರು ಅಂತ ಇದ್ರೆ ಅವಳಿಗೆ ಕ್ಷಮಿಸ್ಲಿಕ್ಕೆ ಸುಲಭ." ಗಂಜಿಯ ಬಟ್ಟಲು ಪಕ್ಕಕ್ಕೆ ಸರಿಸಿ ಹೇಳಿದರು, "ಮೊದಲಿನ ಹಾಗೆ ಅದಕ್ಕೆ ನನ್ನ ಹೆದರಿಕೆ ಇದ್ದಿದ್ರೆ ಅದು ಆ ಸ್ವೆಟರಿನ ಹತ್ತಿರ ಹೋಗ್ತಿರ್ಲಿಲ್ಲ. ನಾನು ಕೊಟ್ಟದ್ದಲ್ವಾ, ಹಾಗಾಗಿ ಒಳಗೆ ಹೋಯ್ತು." ರೊಕಿ ಎದ್ದು ಹೋಗಿ ನೀರು ತಂದಿಟ್ಟರು. ಯಾರಿಗೂ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡೇ ಆಂತೋನಿ ಹೋದರು.

ಎರಡು ಸಾವಿರದ ಹತ್ತೊಂಬತ್ತರಲ್ಲಿ ಮಂಗಳೂರಿನಲ್ಲಿ ಫ್ಲೆನ್ಸಿಯ ಮದುವೆ. ಆಂತೋನಿ ಕೆಲಸ ಬಿಟ್ಟು ಊರು ಸೇರಿಯಾಗಿತ್ತು. ಜೋಸೆಫಿನ್‌ರ ಅಣ್ಣ ಕಜೆಟನ್ ಮದುಮಕ್ಕಳಿಗೆ ಹಾರೈಸಿ ಟೋಸ್ಟ್ ಎತ್ತಿದರು. ಕಜೆಟನ್ ಮೈಕ್ ಹಿಡಿದರೆ ಯಾರ ಮಾನವೂ ಉಳಿಯುವುದಿಲ್ಲ. ಆಂತೋನಿಯ ಸರದಿ ಬಂದಾಗ ಹಾವಿನ ಕಥೆ ಹೊರಗೆ ಬಂತು. ಭಾವ ಹಾವಿಗೆ ಇಕ್ಕಳದಲ್ಲಿ ಊಟ ಬಡಿಸಿದ್ದು, ಕಡೆಗೆ ಮುಖ ನೋಡಲಾರದೆ ಸ್ವೆಟರ್ ಹೊದಿಸಿ ಕೈಲಾಸಕ್ಕೆ ಕಳಿಸಿದ್ದು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ಮೈ ಉರಿಯಿತು. ಕುರ್ಚಿ ಹಿಂದೆ ಸರಿಸಿ ಎದ್ದೇ ನಿಂತೆ. ವೇದಿಕೆಯ ಮೇಲಿನಿಂದ ಆಂತೋನಿ ನನ್ನನ್ನೇ ನೋಡುತ್ತಿದ್ದರು. ಬೇಡ ಎಂದು ತಲೆಯಾಡಿಸಿದರು, ಆಮೇಲೆ ಎಲ್ಲರ ಜೊತೆ ತಾವೂ ನಗತೊಡಗಿದರು.

ಫ್ಲೆನ್ಸಿ ಮದುವೆಯ ಉಡುಪಿನಲ್ಲೇ ಬಂದು ಅಪ್ಪನ ಕೈ ಹಿಡಿದುಕೊಂಡು ಮೈಕಿನಲ್ಲಿ ಹೇಳಿದಳು. "ಯಾರೂ ನನ್ನ ಡ್ಯಾಡಿಗೆ ನಗ್ಬೇಡಿ. ಅಷ್ಟು ಹೆದರಿಕೆ ಇದ್ದೂ ನನಗೋಸ್ಕರ ಅದರ ಜೊತೆ ಒಂದೇ ಮನೆಯಲ್ಲಿ ಇದ್ರು. ಮುಟ್ಲಿಕ್ಕೆ ಆಗ್ಲಿಲ್ಲ, ಅಷ್ಟೇ."

ಅವಳ ಕೈಯೊಳಗೆ ಅವರ ಕೈ ಸ್ವಲ್ಪ ನಡುಗುತ್ತಿತ್ತು. ಅವಳು ಅದನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು, "ಹೆದರ್ಬೇಡಿ ಡ್ಯಾಡಿ, ಇಲ್ಲಿ ಹಾವಿಲ್ಲ," ಎಂದಳು. ಸಭೆ ಮತ್ತೊಮ್ಮೆ ನಕ್ಕಿತು.